ಫೈಲುಗಳಿಗೆ ಸರದಿ ಕಲಿಸಿದ ಕಾಲ

ಕಂಪ್ಯೂಟರಿನಲ್ಲಿ ಯಾವ ಫೋಲ್ಡರ್ ತೆರೆದರೂ ಫೈಲುಗಳು ಅಕ್ಷರಮಾಲೆಯ ಕ್ರಮದಲ್ಲಿ ಶಿಸ್ತಾಗಿ ನಿಂತಿರುತ್ತವೆ. ತಾರೀಖಿನ ಕ್ರಮ ಬೇಕೇ, ಒಂದು ಕ್ಲಿಕ್. ಗಾತ್ರದ ಕ್ರಮ ಬೇಕೇ, ಇನ್ನೊಂದು ಕ್ಲಿಕ್. ಇದು ಕಂಪ್ಯೂಟರಿನ ಹುಟ್ಟುಗುಣ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಆದರೆ 1980ರ ದಶಕದ ಆರಂಭದ ಪರ್ಸನಲ್ ಕಂಪ್ಯೂಟರುಗಳಿಗೆ ಈ ಶಿಸ್ತಿನ ಗಂಧವೂ ಇರಲಿಲ್ಲ. ಫೈಲುಗಳನ್ನು ಸಾಲಾಗಿ ನಿಲ್ಲಿಸುವುದು ಬಳಸುವವರ ತಲೆನೋವಾಗಿತ್ತು. ಆ ಒಂದು ಕೆಲಸಕ್ಕೆಂದೇ ತಂತ್ರಾಂಶ ಬರೆದು ಮಾರಿದವರಿದ್ದರು, ದುಡ್ಡು ಕೊಟ್ಟು ಕೊಂಡವರೂ ಇದ್ದರು. ಅಂದಿನ ಪರದಾಟ ಅರ್ಥವಾದರೆ ಇಂದಿನ ನಮ್ಮ ಡೌನ್‌ಲೋಡ್ ಫೋಲ್ಡರ್ ಯಾಕೆ ಹೀಗೆ ರಾಡಿಯಾಗಿದೆ ಎಂಬುದೂ ಅರ್ಥವಾಗುತ್ತದೆ.

ಅರವತ್ತನಾಲ್ಕೇ ಜಾಗ

1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಾಗ ಅದರ ಐದೂಕಾಲು ಅಂಗುಲದ ಫ್ಲಾಪಿಯಲ್ಲಿ ಹಿಡಿಸುತ್ತಿದ್ದದ್ದು 160 ಕಿಲೋಬೈಟು. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೊಗೂ ಅದು ಸಾಲದು. ಫ್ಲಾಪಿಯ ಆರಂಭದಲ್ಲೇ ನಾಲ್ಕು ಸೆಕ್ಟರುಗಳನ್ನು ಫೈಲುಗಳ ಪಟ್ಟಿಗೆ ಮೀಸಲಿಟ್ಟಿದ್ದರು. ಈ ಪಟ್ಟಿಯೇ ಡೈರೆಕ್ಟರಿ. ಒಂದು ಸೆಕ್ಟರಿಗೆ 512 ಬೈಟು, ಒಂದು ಫೈಲಿನ ನಮೂದಿಗೆ 32 ಬೈಟು. ಹಾಗಾಗಿ ಸೆಕ್ಟರಿಗೆ 16ರಂತೆ ಒಟ್ಟು 64 ಫೈಲು. ಫ್ಲಾಪಿಯಲ್ಲಿ ಎಷ್ಟೇ ಜಾಗ ಉಳಿದಿರಲಿ, 65ನೆಯ ಫೈಲಿಗೆ ಪ್ರವೇಶವಿಲ್ಲ.

ಆ 32 ಬೈಟುಗಳಲ್ಲಿ ಹೆಸರಿಗೆ 8 ಅಕ್ಷರ, ಚುಕ್ಕಿಯ ನಂತರದ ಬಾಲಕ್ಕೆ 3 ಅಕ್ಷರ. ಉಳಿದದ್ದರಲ್ಲಿ ಫೈಲಿನ ತಾರೀಖು, ಗಾತ್ರ ಮತ್ತು ಅದರ ಮಾಹಿತಿ ಡಿಸ್ಕಿನ ಯಾವ ತುಂಡಿನಿಂದ ಶುರುವಾಗುತ್ತದೆ ಎಂಬ ಸಂಖ್ಯೆ. ಮುಂದಿನ ತುಂಡುಗಳು ಎಲ್ಲೆಲ್ಲಿವೆ ಎಂದು ಹೇಳುವುದು ಫ್ಯಾಟ್ ಎಂಬ ಇನ್ನೊಂದು ಕೋಷ್ಟಕ. ಮೈಕ್ರೋಸಾಫ್ಟಿನ ಮಾರ್ಕ್ ಮೆಕ್‌ಡೊನಾಲ್ಡ್ 1977ರಲ್ಲಿ ಬರೆದ ಈ ವ್ಯವಸ್ಥೆಯ ಮೊಮ್ಮಕ್ಕಳು ಇಂದಿಗೂ ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡುಗಳಲ್ಲಿ ಬದುಕಿದ್ದಾರೆ.

ಹೊಸ ಫೈಲು ಬಂದಾಗ ಆ ಕಂಪ್ಯೂಟರಿನ ಕಾರ್ಯಾಚರಣಾ ವ್ಯವಸ್ಥೆಯಾದ ಡಾಸ್ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ಮೊದಲು ಸಿಕ್ಕ ಖಾಲಿ ಜಾಗದಲ್ಲಿ ಅದನ್ನು ಬರೆದುಬಿಡುತ್ತಿತ್ತು. ಸಿಟಿ ಬಸ್ಸಿನಲ್ಲಿ ಒಬ್ಬರು ಇಳಿದ ಸೀಟಿಗೆ ಆಗ ತಾನೇ ಹತ್ತಿದವರು ಕೂತ ಹಾಗೆ. ಪಕ್ಕದಲ್ಲಿರುವವರು ಯಾರು, ಯಾವ ಊರಿನವರು ಎಂಬುದು ಲೆಕ್ಕಕ್ಕಿಲ್ಲ. ಜನವರಿಯ ಲೆಕ್ಕಪತ್ರದ ಪಕ್ಕ ಒಂದು ಆಟ, ಆಟದ ಕೆಳಗೆ ಮಾರ್ಚ್ ತಿಂಗಳ ಪತ್ರ, ಅದರ ಕೆಳಗೆ ಫೆಬ್ರುವರಿಯದು. ತೆರೆಯ ಮೇಲೆ ಕಾಣುತ್ತಿದ್ದದ್ದು ಫೈಲುಗಳ ಪಟ್ಟಿ ಎನ್ನುವುದಕ್ಕಿಂತ, ಆ ಫ್ಲಾಪಿಯಲ್ಲಿ ಬರೆದದ್ದು ಮತ್ತು ಅಳಿಸಿದ್ದರ ಚರಿತ್ರೆ.

ಅಳಿಸುವುದಾದರೂ ಹೇಗೆ? ಹೆಸರಿನ ಮೊದಲ ಬೈಟಿನ ಮೇಲೆ ‘ಇ5’ ಎಂಬ ಗುರುತು ಬೀಳುತ್ತಿತ್ತು, ಅಷ್ಟೆ. ಈ ಗುರುತು ಬಂದದ್ದು ಗ್ಯಾರಿ ಕಿಲ್ಡಾಲ್ 1974ರಲ್ಲಿ ರೂಪಿಸಿದ ಸಿಪಿ/ಎಂ ವ್ಯವಸ್ಥೆಯಿಂದ. ಐಬಿಎಂ ನಮೂನೆಯ ಎಂಟು ಅಂಗುಲದ ಹೊಸ ಫ್ಲಾಪಿಗಳು ಉದ್ದಕ್ಕೂ ಇ5 ತುಂಬಿಕೊಂಡೇ ಬರುತ್ತಿದ್ದವು. ಇ5 ಎಂದರೆ ಖಾಲಿ ಎಂದುಕೊಂಡರೆ ಹೊಸ ಫ್ಲಾಪಿಗೆ ಬೇರೆ ಸಂಸ್ಕಾರವೇ ಬೇಡ. ಒಂದೇ ಬೈಟು ಬದಲಾಗಿ ಉಳಿದದ್ದೆಲ್ಲ ಹಾಗೇ ಇರುತ್ತಿದ್ದರಿಂದಲೇ ಅಳಿಸಿದ ಫೈಲನ್ನು ಮರಳಿ ಪಡೆಯಲು ಸಾಧ್ಯವಾಯಿತು. 1982ರಲ್ಲಿ ಪೀಟರ್ ನಾರ್ಟನ್ ಹೊರತಂದ ಉಪಕರಣಗಳಲ್ಲಿ ಹೆಸರು ಮಾಡಿದ್ದು ‘ಅನ್‌ಇರೇಸ್’. ಇಂಥ ಸಾಧನಗಳು ಫೈಲು ಮರಳಿಸುವಾಗ ಅದರ ಹೆಸರಿನ ಮೊದಲ ಅಕ್ಷರವನ್ನು ಬಳಕೆದಾರರನ್ನೇ ಕೇಳುತ್ತಿದ್ದವು. ಯಾಕೆಂದರೆ ಆ ಒಂದು ಅಕ್ಷರ ಮಾತ್ರ ನಿಜವಾಗಿ ಅಳಿಸಿಹೋಗಿರುತ್ತಿತ್ತು.

ಕ್ರಮ ಯಾಕೆ ಬೇಕಿತ್ತು?

ಕಣ್ಣಿಗೆ ಚೆಂದ ಕಾಣಲಿ ಎಂಬುದಷ್ಟೇ ಕಾರಣವಲ್ಲ. ತೆರೆಯ ಮೇಲೆ ಹಿಡಿಸುತ್ತಿದ್ದದ್ದು 25 ಸಾಲು. ಪಟ್ಟಿ ಅದಕ್ಕಿಂತ ಉದ್ದವಾದರೆ ಮೇಲಿನ ಹೆಸರುಗಳು ಓಡಿಹೋಗುತ್ತಿದ್ದವು. ಮೌಸ್ ಉರುಳಿಸಿ ಹಿಂದಕ್ಕೆ ನೋಡುವ ಅನುಕೂಲ ಇರಲಿಲ್ಲ. ಜೊತೆಗೆ ವೇಗದ ಪ್ರಶ್ನೆ. ಯಾವುದೇ ಫೈಲು ಹುಡುಕುವಾಗ ಡಾಸ್ ಪಟ್ಟಿಯನ್ನು ಮೊದಲಿನಿಂದ ಒಂದೊಂದಾಗಿ ಓದುತ್ತಿತ್ತು. ಹಾರ್ಡ್ ಡಿಸ್ಕ್ ಬಂದ ಮೇಲೆ ಮೂಲ ಡೈರೆಕ್ಟರಿಗೆ, ಅಂದರೆ ಡಿಸ್ಕಿನ ಮೊದಲ ಪಟ್ಟಿಗೆ, 512 ಜಾಗ ಸಿಕ್ಕಿತು. ಬೇಕಾದ ಫೈಲು ಕೊನೆಯಲ್ಲಿದ್ದರೆ 32 ಸೆಕ್ಟರು ಓದಬೇಕು. ಅಳಿಸಿದ ನಮೂದುಗಳನ್ನೂ ದಾಟಿಕೊಂಡೇ ಹೋಗಬೇಕಾದ್ದರಿಂದ, ಒಮ್ಮೆ ಉಬ್ಬಿ ಆಮೇಲೆ ಬರಿದಾದ ಡೈರೆಕ್ಟರಿಯೂ ನಿಧಾನವೇ. ದಿನವೂ ಬಳಸುವ ಫೈಲುಗಳನ್ನು ಪಟ್ಟಿಯ ತಲೆಗೆ ತಂದು, ಸತ್ತ ನಮೂದುಗಳನ್ನು ಹೊರಹಾಕಿದರೆ ಕೆಲಸ ಚುರುಕಾಗುತ್ತಿತ್ತು. ಆದರೆ ಸತ್ತ ನಮೂದು ಹೋಯಿತೆಂದರೆ ಅದನ್ನು ಬದುಕಿಸುವ ದಾರಿಯೂ ಮುಚ್ಚಿತು.

1982ರಲ್ಲಿ ಬಂದ ಕಮೊಡೋರ್ 64ರಲ್ಲಿ ಕ್ರಮದ ಮಹತ್ವ ಇನ್ನೂ ಸ್ಪಷ್ಟ. ಅದರ 1541 ಡ್ರೈವಿನ ಫ್ಲಾಪಿಯಲ್ಲಿ ಡೈರೆಕ್ಟರಿ ಇರುತ್ತಿದ್ದದ್ದು 35 ಟ್ರ್ಯಾಕುಗಳ ನಟ್ಟನಡುವೆ, 18ನೆಯ ಟ್ರ್ಯಾಕಿನಲ್ಲಿ. ಓದುವ ತಲೆ ಯಾವ ದಿಕ್ಕಿಗೆ ಹೋಗಬೇಕಾದರೂ ದೂರ ಕಡಿಮೆಯಾಗಲಿ ಎಂಬ ಲೆಕ್ಕಾಚಾರ. ಆ್ಯಪಲ್ 2ರ ಡಾಸ್ ಕೂಡ ಇದೇ ಕಾರಣಕ್ಕೆ ಪಟ್ಟಿಯನ್ನು ನಡುವಿನ ಟ್ರ್ಯಾಕಿನಲ್ಲಿಟ್ಟಿತ್ತು. ಕಮೊಡೋರಿನಲ್ಲಿ ಡ್ರೈವ್ ಆನ್ ಮಾಡಿದೊಡನೆ ಹೆಸರಿನ ಬದಲು ನಕ್ಷತ್ರದ ಚಿಹ್ನೆ ಕೊಟ್ಟು ‘ಲೋಡ್’ ಎಂದರೆ ಪಟ್ಟಿಯ ಮೊದಲ ಪ್ರೋಗ್ರಾಂ ತಾನಾಗಿ ಬರುತ್ತಿತ್ತು. ಮುಖ್ಯ ಆಟ ಮೊದಲನೆಯ ಜಾಗದಲ್ಲೇ ಇರಬೇಕೆಂದು ಜನ ಪಟ್ಟಿ ತಿದ್ದುತ್ತಿದ್ದರು. ತಿದ್ದುವುದು ಕೈಗೆ ಹತ್ತಿದ ಮೇಲೆ ಸುಮ್ಮನಿರಲಿಲ್ಲ. ಫೈಲಿನ ಹೆಸರುಗಳ ಜಾಗದಲ್ಲಿ ಗೆರೆ, ಚಿಹ್ನೆ ತುಂಬಿ ಡೈರೆಕ್ಟರಿಯಲ್ಲೇ ಚಿತ್ರ ಬರೆಯುವ ಕಲೆಯೊಂದು ಬೆಳೆಯಿತು.

ಸಾಲು ಸರಿಪಡಿಸುವ ಉಪಾಯಗಳು

ಮೊದಲ ಉಪಾಯಕ್ಕೆ ತಂತ್ರಾಂಶವೇ ಬೇಡ. ಖಾಲಿ ಫ್ಲಾಪಿಯೊಂದನ್ನು ಫಾರ್ಮ್ಯಾಟ್ ಮಾಡಿ, ಫೈಲುಗಳನ್ನು ಬೇಕಾದ ಕ್ರಮದಲ್ಲಿ ಒಂದೊಂದಾಗಿ ಕಾಪಿ ಮಾಡುವುದು. ಮೊದಲು ಹೋದದ್ದು ಮೊದಲ ಜಾಗದಲ್ಲಿ, ಎರಡನೆಯದು ಎರಡನೆಯದರಲ್ಲಿ. ಇದಕ್ಕೆ ‘ಕಾಪಿ’ ಆದೇಶವನ್ನೇ ಬಳಸಬೇಕು. ‘ಡಿಸ್ಕ್‌ಕಾಪಿ’ ಬಳಸಿದರೆ ಇದ್ದ ಅವ್ಯವಸ್ಥೆಯ ಪಡಿಯಚ್ಚೇ ಹೊಸ ಫ್ಲಾಪಿಗೂ ಬರುತ್ತಿತ್ತು.

1983ರ ಡಾಸ್ 2.0 ಆವೃತ್ತಿ ‘ಸಾರ್ಟ್’ ಎಂಬ ಆದೇಶ ತಂದಿತು. ಒಂದು ಆದೇಶದ ಫಲಿತವನ್ನು ಇನ್ನೊಂದಕ್ಕೆ ಹರಿಸುವ ‘ಪೈಪ್’ ಸೌಲಭ್ಯವೂ ಜೊತೆಗೆ ಬಂತು. ಡೈರೆಕ್ಟರಿಯ ಪಟ್ಟಿಯನ್ನು ಸಾರ್ಟ್‌ಗೆ ಹರಿಸಿದರೆ ಅಕ್ಷರ ಕ್ರಮದಲ್ಲಿ ಕಾಣುತ್ತಿತ್ತು. ಫೈಲಿನ ಬಾಲ ಹತ್ತನೆಯ ಕಾಲಮಿನಲ್ಲಿ ಶುರುವಾಗುತ್ತಿದ್ದರಿಂದ ಆ ಸಂಖ್ಯೆ ಕೊಟ್ಟರೆ ಬಾಲದ ಕ್ರಮದಲ್ಲೂ ಸಿಗುತ್ತಿತ್ತು. ಆದರೆ ಸಾರ್ಟ್‌ಗೆ ಫೈಲು ಎಂದರೇನೆಂದು ಗೊತ್ತಿಲ್ಲ. ಅದಕ್ಕೆ ಕಾಣುವುದು ಸಾಲುಗಳು ಮಾತ್ರ. ಹಾಗಾಗಿ ‘ಇಷ್ಟು ಫೈಲು, ಇಷ್ಟು ಬೈಟು ಖಾಲಿ’ ಎಂದು ಕೊನೆಯಲ್ಲಿ ಬರಬೇಕಾದ ಸಾಲು, ಮುಂದೆ ಖಾಲಿ ಜಾಗ ಬಿಟ್ಟುಕೊಂಡಿರುತ್ತಿದ್ದ ಕಾರಣಕ್ಕೆ ತಲೆಯ ಮೇಲೆ ಬಂದು ಕೂರುತ್ತಿತ್ತು. ಇನ್ನೊಂದು ವಿಚಿತ್ರವೂ ಇತ್ತು. ಪೈಪಿನ ಕೆಲಸಕ್ಕೆ ಡಾಸ್ ಎರಡು ತಾತ್ಕಾಲಿಕ ಫೈಲುಗಳನ್ನು ಡಿಸ್ಕಿನ ಮೂಲ ಡೈರೆಕ್ಟರಿಯಲ್ಲಿ ಬರೆದುಕೊಳ್ಳುತ್ತಿತ್ತು. ಮೂಲ ಡೈರೆಕ್ಟರಿಯ ಪಟ್ಟಿ ಕೇಳಿದವರಿಗೆ ಎಂದೂ ಕಾಣದ ಎರಡು ಹೆಸರುಗಳು ನಡುವೆ ಇಣುಕುತ್ತಿದ್ದವು. ಫ್ಲಾಪಿಯ ಅಂಚಿನ ಕಚ್ಚಿಗೆ ಪಟ್ಟಿ ಅಂಟಿಸಿ ಬರೆಯುವುದನ್ನು ತಡೆದಿದ್ದರಂತೂ ಸಾರ್ಟ್ ನಡೆಯುತ್ತಲೇ ಇರಲಿಲ್ಲ. ಬರೀ ನೋಡುವುದಕ್ಕೂ ಬರೆಯುವ ಅನುಮತಿ ಬೇಕಾಗಿತ್ತು!

ಇಷ್ಟಾದರೂ ಬದಲಾಗುತ್ತಿದ್ದದ್ದು ತೆರೆಯ ಮೇಲಿನ ನೋಟ ಮಾತ್ರ. ಡಿಸ್ಕಿನ ಮೇಲಿನ ಸಾಲು ಇದ್ದ ಹಾಗೇ ಇರುತ್ತಿತ್ತು. ಅದನ್ನೇ ತಿದ್ದಿ ಬರೆಯುವ ಸಾಧನಗಳಲ್ಲಿ ನಾರ್ಟನ್ ಯುಟಿಲಿಟೀಸ್‌ನ ‘ಡೈರೆಕ್ಟರಿ ಸಾರ್ಟ್’ ಪ್ರಸಿದ್ಧ. ಹೆಸರು, ಬಾಲ, ತಾರೀಖು, ವೇಳೆ, ಗಾತ್ರ ಹೀಗೆ ಯಾವ ಆಧಾರವನ್ನು ಕೊಟ್ಟರೂ 32 ಬೈಟುಗಳ ನಮೂದುಗಳನ್ನು ಆ ಕ್ರಮಕ್ಕೆ ಮರುಜೋಡಿಸುತ್ತಿತ್ತು. ಯಾವ ಕ್ರಮವೂ ಬೇಡ, ನನ್ನಿಷ್ಟ ಎಂದರೆ ಒಂದೊಂದು ಹೆಸರನ್ನು ಎತ್ತಿ ಬೇಕಾದ ಕಡೆ ಇಡಲೂ ಬರುತ್ತಿತ್ತು. ಫೈಲಿನೊಳಗಿನ ಮಾಹಿತಿ ಕದಲುತ್ತಿರಲಿಲ್ಲ. ಬದಲಾಗುತ್ತಿದ್ದದ್ದು ಪಟ್ಟಿ ಮಾತ್ರ.

ಪಟ್ಟಿಯಾದರೂ ಹುಷಾರಾಗಿ ಮುಟ್ಟಬೇಕಿತ್ತು. ಆರಂಭದ ಡಾಸ್ ಆವೃತ್ತಿಗಳಲ್ಲಿ ಯಂತ್ರವನ್ನು ಎಬ್ಬಿಸುವ ಎರಡು ಗುಪ್ತ ಫೈಲುಗಳು ಮೂಲ ಡೈರೆಕ್ಟರಿಯ ಮೊದಲ ಎರಡು ಜಾಗಗಳಲ್ಲೇ ಇರಬೇಕೆಂಬ ನಿಯಮವಿತ್ತು. ಐಬಿಎಂ ಯಂತ್ರಗಳಲ್ಲಿ ಅವು ಐಬಿಎಂಬಯೋ ಮತ್ತು ಐಬಿಎಂಡಾಸ್. ಕಂಪ್ಯೂಟರ್ ಆನ್ ಆದಾಗ ಓಡುವ ಪುಟ್ಟ ಪ್ರೋಗ್ರಾಂಗೆ ಇಡೀ ಪಟ್ಟಿ ಹುಡುಕುವಷ್ಟು ಬುದ್ಧಿ ತುಂಬಲು ಜಾಗವಿರಲಿಲ್ಲ. ಮೊದಲೆರಡನ್ನು ನೋಡುತ್ತಿತ್ತು, ಅವೇ ಇದ್ದರೆ ಸರಿ. ಅಚ್ಚುಕಟ್ಟು ಮಾಡುವ ಉತ್ಸಾಹದಲ್ಲಿ ಅವನ್ನು ಸರಿಸಿದರೆ ಮರುದಿನ ಯಂತ್ರ ಏಳುತ್ತಿರಲಿಲ್ಲ.

ಸಾಲು ಮರವಾಯಿತು

1983ರ ಮಾರ್ಚ್‌ನಲ್ಲಿ ಐಬಿಎಂ ಪಿಸಿ ಎಕ್ಸ್‌ಟಿ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಹೊತ್ತು ಬಂದಾಗ ಒಂದೇ ಉದ್ದ ಸಾಲಿನ ಲೆಕ್ಕ ಮುಗಿಯಿತು. ಹತ್ತಾರು ಫ್ಲಾಪಿಗಳಲ್ಲಿ ಹಂಚಿಕೊಂಡಿದ್ದದ್ದು ಒಂದೇ ಪೆಟ್ಟಿಗೆಯಲ್ಲಿ. ಅದುವರೆಗೆ ಫ್ಲಾಪಿಯೇ ವಿಂಗಡಣೆಯ ಸಾಧನವಾಗಿತ್ತು: ಲೆಕ್ಕಕ್ಕೊಂದು, ಪತ್ರಕ್ಕೊಂದು, ಆಟಕ್ಕೊಂದು. ಹಾರ್ಡ್ ಡಿಸ್ಕ್ ಆ ಗೋಡೆಗಳನ್ನು ಕೆಡವಿತು; ಹೊಸ ಗೋಡೆ ಬೇಕಾಯಿತು. ಅದಕ್ಕೇ ಡಾಸ್ 2.0 ಡೈರೆಕ್ಟರಿಯೊಳಗೆ ಡೈರೆಕ್ಟರಿ ಇಡುವ ಏರ್ಪಾಡು ತಂದಿತು. ಈ ಮರದ ರಚನೆ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಾದ ಯೂನಿಕ್ಸ್‌ನಿಂದ ಬಂದದ್ದು. ಯೂನಿಕ್ಸ್‌ಗೆ ಅದು 1960ರ ದಶಕದ ಮಲ್ಟಿಕ್ಸ್‌ನ ಬಳುವಳಿ. ಯೂನಿಕ್ಸ್‌ನಲ್ಲಿ ಹಾದಿ ತೋರಿಸುವ ಓರೆಗೆರೆಯನ್ನು ಡಾಸ್ ಮೊದಲೇ ಬೇರೆ ಕೆಲಸಕ್ಕೆ ಬಳಸಿಬಿಟ್ಟಿತ್ತು. ಅದಕ್ಕಾಗಿ ಎದುರು ದಿಕ್ಕಿಗೆ ವಾಲಿದ ಬ್ಯಾಕ್‌ಸ್ಲ್ಯಾಶ್ ಹಿಡಿಯಬೇಕಾಯಿತು. ವಿಂಡೋಸ್‌ನಲ್ಲಿ ಅದು ಇವತ್ತಿಗೂ ಹಾಗೇ ಉಳಿದಿದೆ.

ಬೇರೆ ಕಂಪ್ಯೂಟರುಗಳೂ ಇದೇ ಇಕ್ಕಟ್ಟನ್ನು ಬೇರೆಬೇರೆ ರೀತಿ ಎದುರಿಸಿದವು. ಸಿಪಿ/ಎಂ 2ರಲ್ಲಿ ಸೊನ್ನೆಯಿಂದ 15ರವರೆಗೆ ಬಳಕೆದಾರ ಸಂಖ್ಯೆಗಳಿದ್ದವು. ಒಂದು ಸಂಖ್ಯೆಯಡಿ ಇಟ್ಟ ಫೈಲು ಸಾಮಾನ್ಯವಾಗಿ ಇನ್ನೊಂದಕ್ಕೆ ಕಾಣುತ್ತಿರಲಿಲ್ಲ. ಹೆಸರಿಲ್ಲದ ಬರೀ ಸಂಖ್ಯೆಯ ಕೋಣೆಗಳು; ಯಾವುದರಲ್ಲಿ ಏನಿಟ್ಟೆವೆಂದು ನೆನಪಿಡುವ ಹೊಣೆ ನಮ್ಮದೇ. 1984ರ ಮ್ಯಾಕಿಂತೋಶ್ ಫೋಲ್ಡರಿನ ಚೆಂದದ ಚಿತ್ರವನ್ನೇನೋ ತೋರಿಸಿತು, ಆದರೆ ಡಿಸ್ಕಿನ ಮೇಲೆ ಎಲ್ಲ ಫೈಲೂ ಒಂದೇ ಸಾಲಿನಲ್ಲಿದ್ದವು. ಎರಡು ಬೇರೆ ಫೋಲ್ಡರುಗಳಲ್ಲಿ ಒಂದೇ ಹೆಸರಿನ ಎರಡು ಫೈಲು ಇಡಲು ಹೋದರೆ ಗುಟ್ಟು ರಟ್ಟಾಗುತ್ತಿತ್ತು. ನಿಜವಾದ ಮರ ಅಲ್ಲಿಗೆ ಬಂದದ್ದು ಮರುವರ್ಷ, 1985ರಲ್ಲಿ, ಅದೂ ಹಾರ್ಡ್ ಡಿಸ್ಕ್ ಜೊತೆಗೆ.

ಮರ ನೆಡುವುದು ಸುಲಭ, ಕೊಂಬೆ ಬದಲಿಸುವುದು ಕಷ್ಟ ಎಂಬುದು ಡಾಸ್ ಬಳಸಿದವರಿಗೆ ಬೇಗ ತಿಳಿಯಿತು. ಎಂಡಿ ಎಂದರೆ ಹೊಸ ಡೈರೆಕ್ಟರಿ, ಸಿಡಿ ಎಂದರೆ ಅದರೊಳಕ್ಕೆ ಪ್ರವೇಶ, ಆರ್‌ಡಿ ಎಂದರೆ ತೆಗೆದುಹಾಕುವುದು. ಸ್ಥಳಾಂತರಕ್ಕೆ ಮಾತ್ರ ಆದೇಶವೇ ಇರಲಿಲ್ಲ. ಫೈಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಲು ಮೊದಲು ಕಾಪಿ ಮಾಡಬೇಕು, ಆಮೇಲೆ ಹಳೆಯದನ್ನು ಅಳಿಸಬೇಕು. ಎರಡು ಪ್ರತಿಗಳಿಗೂ ಸಾಲುವಷ್ಟು ಜಾಗ ಡಿಸ್ಕಿನಲ್ಲಿರಬೇಕು. ಡೈರೆಕ್ಟರಿಯ ಹೆಸರು ಬದಲಿಸಲೂ ಇದೇ ಸರ್ಕಸ್ಸು: ಹೊಸ ಹೆಸರಿನಲ್ಲಿ ಇನ್ನೊಂದನ್ನು ಮಾಡಿ, ಎಲ್ಲ ಸಾಗಿಸಿ, ಹಳೆಯದನ್ನು ಬರಿದುಮಾಡಿ, ಕೊನೆಗೆ ತೆಗೆಯುವುದು. ಬರಿದಾಗದ ಡೈರೆಕ್ಟರಿಯನ್ನು ಆರ್‌ಡಿ ಮುಟ್ಟುತ್ತಿರಲಿಲ್ಲ.

ತಮಾಷೆಯೆಂದರೆ, ಸ್ಥಳಾಂತರದ ಶಕ್ತಿ ಡಾಸ್‌ನ ಹೊಟ್ಟೆಯಲ್ಲೇ ಇತ್ತು. ಒಂದೇ ಡಿಸ್ಕಿನೊಳಗೆ ಫೈಲು ಸರಿಸುವುದೆಂದರೆ 32 ಬೈಟಿನ ನಮೂದನ್ನು ಒಂದು ಪಟ್ಟಿಯಿಂದ ತೆಗೆದು ಇನ್ನೊಂದರಲ್ಲಿ ಬರೆಯುವುದಷ್ಟೇ. ಒಳಗಿನ ಮಾಹಿತಿ ಮಿಸುಕಬೇಕಿಲ್ಲ. ಡಾಸ್ 2.0ರಲ್ಲಿ ಹೆಸರು ಬದಲಿಸಲೆಂದು ಪ್ರೋಗ್ರಾಂ ಬರೆಯುವವರಿಗೆ ಕೊಟ್ಟ ಒಳಗಿನ ಸೌಲಭ್ಯ ಈ ಕೆಲಸವನ್ನೂ ಮಾಡಬಲ್ಲದಾಗಿತ್ತು. ಆದರೆ ಸಾಮಾನ್ಯರು ಟೈಪ್ ಮಾಡಬಹುದಾದ ‘ಮೂವ್’ ಆದೇಶ ಬಂದದ್ದು 1993ರ ಎಂಎಸ್‌-ಡಾಸ್ 6ರಲ್ಲಿ, ಹತ್ತು ವರ್ಷ ಬಿಟ್ಟು. ಪಟ್ಟಿಯನ್ನು ವಿಂಗಡಿಸಿ ತೋರಿಸುವ ಸೌಲಭ್ಯ ‘ಡಿರ್’ ಆದೇಶದೊಳಗೇ ಸೇರಿದ್ದು 1991ರ ಡಾಸ್ 5ರಲ್ಲಿ.

ಈ ಹತ್ತು ವರ್ಷಗಳ ಖಾಲಿ ಜಾಗದಲ್ಲಿ ಹೊರಗಿನವರ ಜಾಣ್ಮೆ ಫಸಲು ತೆಗೆಯಿತು. 1985ರ ಏಪ್ರಿಲ್ 1ರಂದು ಬಂದ ಎಕ್ಸ್‌ಟ್ರೀ, ಡಿಸ್ಕಿನ ಇಡೀ ಮರವನ್ನು ಗೆರೆ ಎಳೆದು ತೆರೆಯ ಮೇಲೆ ತೋರಿಸಿತು. ಬೇಕಾದ ಫೈಲುಗಳಿಗೆ ಗುರುತು ಹಾಕಿ ಒಟ್ಟಿಗೆ ಸಾಗಿಸಬಹುದಿತ್ತು. ಮುಂದಿನ ಆವೃತ್ತಿಗಳಲ್ಲಿ ಇಡೀ ಕೊಂಬೆಯನ್ನು ಕತ್ತರಿಸಿ ಬೇರೆಡೆ ಕಸಿ ಮಾಡುವ ಆದೇಶಗಳೂ ಬಂದವು. 1986ರಲ್ಲಿ ಜಾನ್ ಸೋಚಾ ರೂಪಿಸಿದ ನಾರ್ಟನ್ ಕಮಾಂಡರ್ ತೆರೆಯನ್ನು ನಡುವೆ ಸೀಳಿ ಎಡಕ್ಕೊಂದು, ಬಲಕ್ಕೊಂದು ಡೈರೆಕ್ಟರಿ ತೋರಿಸಿತು: ಎಫ್5 ಒತ್ತಿದರೆ ಈಚಿನದು ಆಚೆಗೆ ಕಾಪಿ, ಎಫ್6 ಒತ್ತಿದರೆ ಸ್ಥಳಾಂತರ. ಎರಡು ಫಲಕಗಳ ಆ ವಿನ್ಯಾಸವನ್ನು ಟೋಟಲ್ ಕಮಾಂಡರಿನಂಥ ತಂತ್ರಾಂಶಗಳು ಇಂದಿಗೂ ಬಿಟ್ಟಿಲ್ಲ.

ಉದ್ದ ಹೆಸರಿನ ಪೆಟ್ಟು

1995ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ 95 ಎಂಟು ಅಕ್ಷರಗಳ ಬೇಲಿಯನ್ನು ಮುರಿಯಿತು. ಹಳೆಯ ಪಟ್ಟಿಯ ರಚನೆಯನ್ನು ಮಾತ್ರ ಕೆಡಿಸುವಂತಿರಲಿಲ್ಲ. ಅದಕ್ಕೊಂದು ಜಾಣ ಹಾದಿ ಕಂಡುಕೊಂಡರು: ಉದ್ದ ಹೆಸರನ್ನು 13 ಅಕ್ಷರಗಳ ತುಂಡುಗಳಾಗಿ ಮಾಡಿ, ಒಂದೊಂದು ತುಂಡನ್ನು ಒಂದೊಂದು ನಮೂದಿನಲ್ಲಿಟ್ಟು, ಅವುಗಳ ಬೆನ್ನಿಗೆ ಹಳೆಯ ಗಿಡ್ಡ ಹೆಸರಿನ ನಮೂದು ಬರೆಯುವುದು. ತುಂಡುಗಳಿಗೆ ಎಂಥ ಗುರುತು ಹಾಕಿದ್ದರೆಂದರೆ, ಹಳೆಯ ಪ್ರೋಗ್ರಾಂಗಳು ಅವನ್ನು ಕಂಡೂ ಕಾಣದಂತೆ ಮುಂದೆ ಹೋಗುತ್ತಿದ್ದವು. ಈಗ ಈ ಪಟ್ಟಿಯ ಮೇಲೆ ಹಳೆಯ ಡೈರೆಕ್ಟರಿ ವಿಂಗಡಣೆಯ ಸಾಧನ ಓಡಿಸಿದರೆ? ತುಂಡುಗಳು ಒಂದು ಕಡೆ, ಅವುಗಳ ಒಡೆಯ ಇನ್ನೊಂದು ಕಡೆ. ಉದ್ದ ಹೆಸರುಗಳು ನಾಶ, ಗಿಡ್ಡ ಹೆಸರುಗಳು ಮಾತ್ರ ಶೇಷ. ಹತ್ತು ವರ್ಷ ಉಪಕಾರ ಮಾಡಿದ ಸಾಧನಗಳು ಒಂದೇ ವರ್ಷದಲ್ಲಿ ಅಪಾಯಕಾರಿಯಾದವು.

ಕನ್ನಡದಲ್ಲಿ ಕೆಲಸ ಮಾಡುತ್ತಿದ್ದವರಿಗೆ ಬೇಲಿ ಮುರಿದದ್ದು ಅರ್ಧ ಮಾತ್ರ. ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆಯ ಒಳಗಿನ ಬರಹ ಕನ್ನಡವೇ ಆದರೂ ಫೈಲಿನ ಹೆಸರು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕಿತ್ತು. ಅ ಮತ್ತು ಆ ಒಂದೇ ಅಕ್ಷರದಡಿ, ಕ ಮತ್ತು ಖ ಇನ್ನೊಂದರಡಿ. ವಿಂಗಡಣೆ ನಡೆಯುತ್ತಿದ್ದದ್ದು ಇಂಗ್ಲಿಷ್ ಕ್ರಮದಲ್ಲಿ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಕನ್ನಡದ ಯೂನಿಕೋಡ್ ಬೆಂಬಲ ತಂದ ಮೇಲೆ ಫೈಲಿಗೆ ಕನ್ನಡದಲ್ಲೇ ಹೆಸರಿಟ್ಟು ಪಟ್ಟಿಯನ್ನು ಕನ್ನಡದಲ್ಲೇ ಓದುವುದು ಸಾಮಾನ್ಯರ ಕೈಗೆ ಸಿಕ್ಕಿತು.

ಹಳೆಯ ಸಾಲು ಇನ್ನೂ ಸತ್ತಿಲ್ಲ

1993ರ ವಿಂಡೋಸ್ ಎನ್‌ಟಿಯೊಡನೆ ಬಂದ ಎನ್‌ಟಿಎಫ್‌ಎಸ್ ಡೈರೆಕ್ಟರಿಯನ್ನು ಹೆಸರಿನ ಕ್ರಮದಲ್ಲೇ ಬರೆದಿಡುತ್ತದೆ. ಹೊಸ ಫೈಲು ಎಲ್ಲಿ ಕೂರಬೇಕೋ ಅಲ್ಲಿಯೇ ಕೂರುತ್ತದೆ. ಆದರೆ ಪೆನ್‌ಡ್ರೈವುಗಳು ಸಾಮಾನ್ಯವಾಗಿ ಇಂದಿಗೂ ಫ್ಯಾಟ್ ವಂಶದವು. ಹಾಡುಗಳಿಗೆ 01, 02 ಎಂದು ಸಂಖ್ಯೆ ಕೊಟ್ಟು ಪೆನ್‌ಡ್ರೈವಿಗೆ ತುಂಬಿದರೂ ಕೆಲವು ಕಾರ್ ಸ್ಟೀರಿಯೋಗಳು ತಮ್ಮದೇ ಕ್ರಮದಲ್ಲಿ ನುಡಿಸುವುದು ಇದಕ್ಕೇ: ಅವು ಹೆಸರು ನೋಡುವುದಿಲ್ಲ, ಪಟ್ಟಿಯಲ್ಲಿ ಬರೆದ ಸರದಿ ನೋಡುತ್ತವೆ. ಪೆನ್‌ಡ್ರೈವನ್ನು ಬರಿದುಮಾಡಿ ಹಾಡುಗಳನ್ನು ಬೇಕಾದ ಕ್ರಮದಲ್ಲಿ ಒಂದೊಂದಾಗಿ ಮತ್ತೆ ಕಾಪಿ ಮಾಡಿದರೆ ಸರಿಹೋಗುತ್ತದೆ. ಪಟ್ಟಿಯನ್ನೇ ಮರುಜೋಡಿಸುವ ‘ಫ್ಯಾಟ್‌ಸಾರ್ಟ್’ನಂಥ ಉಚಿತ ತಂತ್ರಾಂಶಗಳೂ ಇವೆ, ಇವಕ್ಕೆ ಉದ್ದ ಹೆಸರಿನ ತುಂಡುಗಳನ್ನು ಜೊತೆಯಲ್ಲೇ ಒಯ್ಯುವುದು ಗೊತ್ತು.

ಈ ಇಡೀ ಕಥೆಯಲ್ಲಿ ಎರಡು ಬೇರೆ ಕೆಲಸಗಳು ಹೆಣೆದುಕೊಂಡಿವೆ. ಒಂದು, ಸಾಲು ನಿಲ್ಲಿಸುವುದು. ಇನ್ನೊಂದು, ಯಾವುದು ಯಾವುದರ ಜೊತೆಗೆ ಸೇರಬೇಕೆಂದು ತೀರ್ಮಾನಿಸುವುದು. ಮೊದಲನೆಯದನ್ನು ಯಂತ್ರ ಪೂರ್ತಿಯಾಗಿ ವಹಿಸಿಕೊಂಡಿದೆ. ಅದರ ಸೌಕರ್ಯದಲ್ಲಿ ನಾವು ಎರಡನೆಯದನ್ನೂ ಕೈಬಿಟ್ಟಿದ್ದೇವೆ. 64 ಜಾಗಗಳಿದ್ದಾಗ ಪ್ರತಿ ಫೈಲಿನ ಬಗ್ಗೆಯೂ ಯೋಚಿಸಲೇಬೇಕಿತ್ತು. ಈಗ ಮಿತಿಯಿಲ್ಲ, ಹಾಗಾಗಿ ಯೋಚನೆಯೂ ಇಲ್ಲ. ಸರ್ಚ್ ಇದೆಯಲ್ಲ ಎನ್ನಬಹುದು. ಹೆಸರೋ ಒಳಗಿನ ಪದವೋ ನೆನಪಿದ್ದರೆ ಸರ್ಚ್ ಹುಡುಕಿಕೊಡುತ್ತದೆ. ಇಂಥದ್ದೊಂದು ಫೈಲು ಇದೆ ಎಂಬುದೇ ಮರೆತಿದ್ದರೆ ಅದರಿಂದ ಪ್ರಯೋಜನವಿಲ್ಲ.

ಡಾಸ್ ಕಾಲದ ಅನುಭವಿಗಳು ಪಾಲಿಸುತ್ತಿದ್ದ ಕೆಲವು ನಿಯಮಗಳು ಇಂದಿಗೂ ಸಲ್ಲುತ್ತವೆ. ಮೂಲ ಡೈರೆಕ್ಟರಿಯಲ್ಲಿ ಏನನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ನಮಗೆ ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ ಫೋಲ್ಡರಿನ ವಿಷಯದಲ್ಲಿ ಅದೇ ಮಾತು. ಪ್ರೋಗ್ರಾಂಗಳನ್ನು ಒಂದು ಕೊಂಬೆಯಲ್ಲೂ ತಾವು ಬರೆದದ್ದನ್ನು ಇನ್ನೊಂದರಲ್ಲೂ ಇಡುತ್ತಿದ್ದರು, ಯಾಕೆಂದರೆ ಬ್ಯಾಕಪ್ ತೆಗೆಯಬೇಕಾದದ್ದು ತಾವು ಬರೆದದ್ದನ್ನು ಮಾತ್ರ. ಸ್ವಂತ ಫೋಟೊ, ದಾಖಲೆ, ಲೆಕ್ಕಪತ್ರ ಒಂದೇ ಕೊಂಬೆಯಲ್ಲಿದ್ದರೆ ಇನ್ನೊಂದು ಡಿಸ್ಕಿಗೆ ಪ್ರತಿ ತೆಗೆಯುವುದು ಇಂದಿಗೂ ಅಷ್ಟೇ ಸಲೀಸು. ಹೆಸರಿನಲ್ಲಿ ತಾರೀಖು ಸೇರಿಸುವುದಾದರೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯಿರಿ. ಆಗ ಅಕ್ಷರ ಕ್ರಮವೇ ಕಾಲಕ್ರಮವೂ ಆಗುತ್ತದೆ. ಸಂಖ್ಯೆ ಹಾಕುವುದಾದರೆ 1ರ ಬದಲು 01 ಎನ್ನಿ. ಇಲ್ಲವಾದರೆ ಅಕ್ಷರ ಹೋಲಿಸುವ ಯಂತ್ರಗಳಲ್ಲಿ 10 ಎಂಬುದು 2ಕ್ಕಿಂತ ಮೊದಲು ಬರುತ್ತದೆ. ಫೈಲು ಎಲ್ಲಿಂದ ಬಂತು ಎಂಬುದನ್ನು ಬಿಟ್ಟು, ಮುಂದೆ ಯಾವ ಕೆಲಸಕ್ಕೆ ಬೇಕಾಗುತ್ತದೆ ಎಂಬುದನ್ನು ನೋಡಿ ಜಾಗ ಕೊಡಿ. ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ಡೌನ್‌ಲೋಡ್ ಫೋಲ್ಡರಿನಿಂದಲೇ ಶುರುಮಾಡಿ.